ಜಾಣ ಮಗು ಯಾರದು?

ಮಕ್ಕಳಲ್ಲಿ ಜಾಣರು, ದಡ್ಡರು ಎಂಬ ಭೇದವನ್ನು ನಾನು ಎಂದೂ ಮಾಡಿದವನಲ್ಲ ಎಂದು ಇಲ್ಲಿ ಬರೆದರೆ ನನ್ನ ಹಳೆಯ ವಿದ್ಯಾರ್ಥಿಗಳು ಪತ್ರಿಕೆಯನ್ನು ಮಡಿಸಿಟ್ಟು ನಕ್ಕಾರು. ಮೂವತ್ತು ವರ್ಷ ಕಾಲೇಜಿನಲ್ಲಿ ಗಣಿತ ಹೇಳಿದವನು ನಾನು. ತರಗತಿಗೆ ಕಾಲಿಟ್ಟ ಮೂರನೆಯ ದಿನಕ್ಕೇ, ಯಾವ ಬೆಂಚಿನ ಕಡೆ ನೋಡಿಕೊಂಡು ಪಾಠ ಹೇಳಬೇಕೆಂಬುದನ್ನು ಗೊತ್ತುಮಾಡಿಕೊಳ್ಳುತ್ತಿದ್ದೆ. ಈ ಅಭ್ಯಾಸ ಕಾಲೇಜಿನ ಬಾಗಿಲಲ್ಲೇ ನಿಲ್ಲಲಿಲ್ಲ. ಮನೆಗೂ ನಂಟರ ಮನೆಗೂ ನನ್ನ ಜೊತೆಯಲ್ಲೇ ಬಂದಿತು. ತಂಗಿಯ ಮಗನಿಗೆ ಏಳು ವರ್ಷವಾಗಿದ್ದಾಗ, ಅರಸೀಕೆರೆಯ ಕಡೆಯ ಅವರ ಹಳ್ಳಿಯ ಜಗಲಿಯ ಮೇಲೆ ಕುಳಿತು, ತೋಟದಿಂದ ಬಂದಿದ್ದ ತೆಂಗಿನಕಾಯಿ ರಾಶಿಯನ್ನು ತೋರಿಸಿ ಅವನಿಗೊಂದು ಲೆಕ್ಕ ಹಾಕಿದೆ. ಅವನು ಉತ್ತರ ಹೇಳಿದ್ದಲ್ಲದೆ, ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ್ದ ಕಾಯಿಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲವೆಂದು ತಿದ್ದಿದ. ಅಂದಿನಿಂದ ಆ ಹುಡುಗ ನನ್ನ ಪಾಲಿಗೆ ಬರಿಯ ಸೋದರಳಿಯನಾಗಿ ಉಳಿಯಲಿಲ್ಲ, ಜಾಣನಾದ. ಜಾಣನಾದ ಮಗುವಿನ ಮೇಲೆ ಎಲ್ಲರಿಗೂ ಹಕ್ಕು ಹುಟ್ಟುತ್ತದೆ. ಆ ಹಕ್ಕು ಎಂಥದು, ಯಾರದು ಎಂಬುದೇ ನಾನೀಗ ಕೇಳಹೊರಟಿರುವ ಪ್ರಶ್ನೆ.

೨೦೧೩ರಲ್ಲಿ ಅವನು ಐದನೆಯ ತರಗತಿಯಲ್ಲಿದ್ದಾಗ ನವೋದಯ ಶಾಲೆಯ ಪ್ರವೇಶ ಪರೀಕ್ಷೆಯ ಅರ್ಜಿಯನ್ನು ಮೈಸೂರಿನಿಂದ ತೆಗೆದುಕೊಂಡು ಹೋದವನು ನಾನೇ. ತಂಗಿಯಾಗಲಿ ಅವಳ ಗಂಡನಾಗಲಿ ಕೇಳಿರಲಿಲ್ಲ. ಪಟ್ಟಣದ ಓದುಗರಲ್ಲಿ ಕೆಲವರಿಗೆ ಈ ಶಾಲೆಗಳ ಪರಿಚಯ ಇರಲಾರದು. ಎರಡು ಮಾತು ಹೇಳುತ್ತೇನೆ. ಹಳ್ಳಿಗಳಲ್ಲಿ ಹುಟ್ಟಿದ ಬುದ್ಧಿವಂತ ಮಕ್ಕಳಿಗೆ, ತಂದೆಯ ಜೇಬನ್ನು ನೋಡದೆ, ಒಳ್ಳೆಯ ವಿದ್ಯೆ ದೊರೆಯಬೇಕೆಂದು ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿ ಜಿಲ್ಲೆಗೊಂದರಂತೆ ವಸತಿ ಶಾಲೆಗಳನ್ನು ಕಲ್ಪಿಸಿತು. ಅದಕ್ಕೂ ಮುಂಚೆ, ೧೯೮೫-೮೬ರಲ್ಲಿ, ಹರಿಯಾಣದ ಝಜ್ಜರ್‌ನಲ್ಲೂ ಮಹಾರಾಷ್ಟ್ರದ ಅಮರಾವತಿಯಲ್ಲೂ ಪ್ರಯೋಗಕ್ಕೆಂದು ಎರಡು ಶಾಲೆ ನಡೆದುವು. ಈಗ ದೇಶದಲ್ಲಿ ಆರುನೂರೈವತ್ತಕ್ಕೂ ಹೆಚ್ಚು ಇವೆ. ಆರನೆಯ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ ೮೦ ಮಕ್ಕಳು. ಅವರಲ್ಲಿ ನೂರಕ್ಕೆ ೭೫ ಪಾಲಾದರೂ ಗ್ರಾಮಾಂತರದವರು, ಮೂರರಲ್ಲೊಂದು ಪಾಲಾದರೂ ಹೆಣ್ಣುಮಕ್ಕಳು. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲವೂ ಸರ್ಕಾರದ್ದು. ಪರೀಕ್ಷೆ ಈಗ ಎರಡು ಗಂಟೆಯದು, ೮೦ ಪ್ರಶ್ನೆಗಳದು. ಅದರ ಅರ್ಧದಷ್ಟು ಅಂಕ ಚಿತ್ರಗಳನ್ನು ಹೋಲಿಸಿ ಬುದ್ಧಿಯ ಚುರುಕನ್ನು ಅಳೆಯುವ ಭಾಗಕ್ಕೆ, ಉಳಿದರ್ಧ ಲೆಕ್ಕಕ್ಕೂ ಭಾಷೆಗೂ. ಒಂದು ಮಗು ಆರನೆಯ ತರಗತಿಯ ಈ ಪರೀಕ್ಷೆಗೆ ಜನ್ಮದಲ್ಲಿ ಒಂದೇ ಸಲ ಕೂಡಬಹುದು.

ಇದು ಒಳ್ಳೆಯ ಏರ್ಪಾಡೆಂದು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ನನಗೆ ತಿಳಿದ ಗೃಹಸ್ಥರೊಬ್ಬರು, ಪಟ್ಟಣದ ಮಧ್ಯದಲ್ಲೇ ಮನೆಮಠ ಇದ್ದವರು, ಮಗನ ಹೆಸರನ್ನು ಮೂರನೆಯ ತರಗತಿಯಿಂದಲೇ ಒಂದು ಹಳ್ಳಿಯ ಶಾಲೆಯಲ್ಲಿ ಬರೆಸಿಟ್ಟರು. ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲಿ ಪೂರಾ ಓದಿದವರಿಗೆ ತಾನೆ ಗ್ರಾಮಾಂತರದ ಸ್ಥಾನ? ಹುಡುಗ ಓದುತ್ತಿದ್ದುದು ಮನೆಯ ಪಕ್ಕದ ಕಾನ್ವೆಂಟಿನಲ್ಲಿ. ಇದನ್ನು ಅವರು ನನ್ನೊಡನೆ ಸಂಕೋಚವಿಲ್ಲದೆ ಹೇಳಿದರು. "ತಂದೆಯ ಹಕ್ಕು, ಸ್ವಾಮಿ" ಎಂದರು. ಯಾವುದೋ ಹಳ್ಳಿಯ ಯಾವನೋ ಒಬ್ಬ ತಂದೆಯ ಹಕ್ಕು ಅದರಡಿಯಲ್ಲಿ ಸಿಕ್ಕಿಕೊಂಡಿತ್ತೆಂಬುದು ಅವರಿಗೆ ಹೊಳೆಯಲಿಲ್ಲ. ನಾನೂ ಹೇಳಲಿಲ್ಲ. ಅವರ ಮನೆಯ ಕಾಫಿ ಕುಡಿಯುತ್ತಿದ್ದೆ.

ಅದಂತಿರಲಿ. ನಮ್ಮ ಹುಡುಗ ಆಯ್ಕೆಯಾದ. ೨೦೧೪ರ ಬೇಸಗೆಯಲ್ಲಿ ಶಾಲೆಗೆ ಸೇರಿಸುವಾಗ ಕೆಲವು ಕಾಗದಗಳಿಗೆ ತಂದೆತಾಯಿ ರುಜು ಹಾಕಬೇಕಾಗಿತ್ತು. ಅವುಗಳಲ್ಲೊಂದು ಮುಖ್ಯವಾದದ್ದು. ನವೋದಯದ ಮಕ್ಕಳಲ್ಲಿ ನೂರಕ್ಕೆ ಮೂವತ್ತು ಮಂದಿ ಒಂಬತ್ತನೆಯ ತರಗತಿಯ ಒಂದು ವರ್ಷವನ್ನು ಬೇರೆ ಭಾಷೆಯ ಸೀಮೆಯ ನವೋದಯದಲ್ಲಿ ಕಳೆಯಬೇಕು. ಹಿಂದಿಯ ಸೀಮೆಯವರು ಇತ್ತ ಬರುತ್ತಾರೆ, ನಮ್ಮವರು ಅತ್ತ ಹೋಗುತ್ತಾರೆ. ಆ ಶಾಲೆಗಳಲ್ಲಿ ಇದಕ್ಕೆ ಮೈಗ್ರೇಷನ್ ಎಂದೇ ಹೆಸರು. ದೇಶದ ಮಕ್ಕಳು ಒಬ್ಬರನ್ನೊಬ್ಬರು ಅರಿಯಲೆಂಬ ಉದ್ದೇಶ. ಮುಚ್ಚುಮರೆ ಏನೂ ಇಲ್ಲ. ಪ್ರಕಟಣೆಯ ಪುಸ್ತಿಕೆಯಲ್ಲೇ ಅಚ್ಚಾಗಿರುತ್ತದೆ. ತಂಗಿ ಓದಿ, "ಏನಣ್ಣ ಇದು?" ಎಂದಳು. "ಮೂರು ವರ್ಷದ ಮಾತು, ಆಗ ನೋಡೋಣ" ಎಂದೆ. ಅವಳು ರುಜು ಹಾಕಿದಳು.

೨೦೧೭ರಲ್ಲಿ ಆ ಮೂರು ವರ್ಷ ಕಳೆದು, ಉತ್ತರಪ್ರದೇಶದ ಒಂದು ಜಿಲ್ಲೆಗೆ ಹೋಗಬೇಕಾದವರ ಪಟ್ಟಿಯಲ್ಲಿ ಅವನ ಹೆಸರು ಬಂತು. ತಂಗಿ ದೂರವಾಣಿಯಲ್ಲಿ ಹೇಳಿದ್ದು ಇಷ್ಟು: "ಅಣ್ಣ, ನಾನು ಕಳಿಸೋದಿಲ್ಲ." ರುಜು ಹಾಕಿದ್ದನ್ನು ನೆನಪು ಮಾಡಿಕೊಟ್ಟೆ. ಅವಳೆಂದಳು: "ಹಾಕಿದ್ದು ನಿಜ. ಹತ್ತು ವರ್ಷದ ಹುಡುಗನ ಬಗ್ಗೆ ಹಾಕಿದ್ದು. ಈಗಿರೋನು ಹದಿಮೂರು ವರ್ಷದೋನು. ಇವನ ಬಗ್ಗೆ ನನ್ನನ್ನ ಯಾರೂ ಕೇಳಿಲ್ಲ."

ಗಣಿತದವನಿಗೆ ಇಂಥ ಮಾತು ಹಿಡಿಸುವುದಿಲ್ಲ. ಹುಡುಗ ಅವನೇ, ಕಾಗದ ಅದೇ. ನಾನು ಒಂದು ಗಂಟೆ ಕಾಲ ನ್ಯಾಯ ಹೇಳಿದೆ. ಮೂರು ವರ್ಷ ಸರ್ಕಾರ ಅನ್ನ ಹಾಕಿದೆ, ಬಟ್ಟೆ ಕೊಟ್ಟಿದೆ; ಆ ಹಣ ನಿಮ್ಮ ಊರಿನ ಬಡವನೂ ಉಪ್ಪುಬೆಂಕಿಪೊಟ್ಟಣದ ಮೇಲೆ ತೆತ್ತ ತೆರಿಗೆಯಿಂದ ಬಂದದ್ದು; ಅನುಕೂಲವನ್ನು ತೆಗೆದುಕೊಂಡು ಷರತ್ತನ್ನು ಬಿಡುವುದು ಧರ್ಮವಲ್ಲ, ಎಂದೆಲ್ಲ. (ಉಪ್ಪಿನ ಮೇಲೆ ಈಗ ತೆರಿಗೆ ಇಲ್ಲವೆಂಬುದು ಆ ಆವೇಶದಲ್ಲಿ ನೆನಪಾಗಲಿಲ್ಲ.) ತಂಗಿಯ ಗಂಡ ಎಲ್ಲವನ್ನೂ ಕೇಳಿ, "ಭಾವ, ಸಾಲ ತಂದಿದ್ದರೆ ತೀರಿಸಬಹುದು. ಮಗನನ್ನ ಒತ್ತೆ ಇಟ್ಟಿದ್ದೀವಿ ಅಂತ ನಮಗೆ ಗೊತ್ತಿರಲಿಲ್ಲ" ಎಂದರು. ಮಿತಭಾಷಿಗಳಾದ ಮನುಷ್ಯ. ಅವರು ಹಾಗೆಂದದ್ದು ನನ್ನನ್ನು ಕಲಕಿತು.

ಅಂದಿನಿಂದ ಈ ವಿಚಾರವಾಗಿ ನಾನು ಒಂದಷ್ಟು ಓದಿದೆ. ಈ ಪ್ರಶ್ನೆ ಹಳೆಯದು. ಪ್ಲೇಟೋ ತನ್ನ ಆದರ್ಶ ರಾಜ್ಯವನ್ನು ಕಟ್ಟುವಾಗ ಹತ್ತು ವರ್ಷ ಮೀರಿದವರನ್ನೆಲ್ಲ ನಗರದಿಂದ ಹೊರಗೆ ಕಳುಹಿಸಿ, ಉಳಿದ ಮಕ್ಕಳನ್ನು ತಂದೆತಾಯಿಗಳ ನಡೆನುಡಿಯ ಸೋಂಕಿಲ್ಲದಂತೆ ತತ್ತ್ವಜ್ಞಾನಿಗಳು ಬೆಳೆಸಬೇಕೆನ್ನುತ್ತಾನೆ. ಅಲ್ಲಿ ಮಗು ರಾಜ್ಯದ ಸ್ವತ್ತು. ಇದಕ್ಕೆ ಎದುರಾಗಿ, ೧೯೨೫ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಆರೆಗನ್ ರಾಜ್ಯದ ಒಂದು ಮೊಕದ್ದಮೆಯಲ್ಲಿ, ಮಕ್ಕಳೆಲ್ಲರೂ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಶಾಸನವನ್ನು ಹೊಡೆದುಹಾಕಿ, ಮಗು ಕೇವಲ ಸರ್ಕಾರದ ಸೃಷ್ಟಿಯಲ್ಲವೆಂದಿತು. ಮಕ್ಕಳಿಗೆ ಎಂಥ ಶಿಕ್ಷಣ ಬೇಕೆಂದು ಆರಿಸುವ ಮೊದಲ ಹಕ್ಕು ತಂದೆತಾಯಿಗಳದೆಂದು ವಿಶ್ವಸಂಸ್ಥೆಯ ೧೯೪೮ರ ಘೋಷಣೆಯ ೨೬ನೆಯ ವಿಧಿ ಹೇಳುತ್ತದೆ. ನಮ್ಮ ಹುಡುಗ ಶಾಲೆ ಸೇರಿದ ೨೦೧೪ರಲ್ಲೇ, ಮೇ ತಿಂಗಳಿನಲ್ಲಿ, ಕರ್ನಾಟಕದ ಭಾಷಾ ಮಾಧ್ಯಮದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಪ್ರಾಥಮಿಕ ಹಂತದಲ್ಲಿ ಯಾವ ಮಾಧ್ಯಮದಲ್ಲಿ ಓದಬೇಕೆಂಬ ಆಯ್ಕೆ ಮಗುವಿನದು, ಮಗುವಿನ ಪರವಾಗಿ ತಂದೆತಾಯಿಗಳದು, ಎಂದು ತೀರ್ಪಿತ್ತಿತು. ಕನ್ನಡಿಗನಾಗಿ ಆ ತೀರ್ಪು ನನಗೆ ಸಂಕಟ ಕೊಟ್ಟಿತು. ಆದರೆ ಅದರಲ್ಲಿರುವ "ಮಗುವಿನ ಪರವಾಗಿ" ಎಂಬ ವಿವರ ನನ್ನನ್ನು ಬಹಳ ದಿನ ಬಿಡಲಿಲ್ಲ.

ಪರವಾಗಿ ಎಂದರೆ ಏನು? ತೋಟ ನನ್ನದಾದರೆ ಮಾರಬಹುದು, ಕಡಿಸಬಹುದು, ಕೇಳುವವರಿಲ್ಲ. ಅಪ್ರಾಪ್ತ ವಯಸ್ಕನೊಬ್ಬನ ತೋಟವನ್ನು ಅವನ ಪರವಾಗಿ ನೋಡಿಕೊಳ್ಳುತ್ತಿದ್ದರೆ ಒಂದು ಕಾಯಿಗೂ ಲೆಕ್ಕ ಇಡಬೇಕು. ಅವನು ಬೆಳೆದು ಬಂದ ದಿನ ಒಪ್ಪಿಸಬೇಕು. ತಂದೆತಾಯಿಗಳ ಹಕ್ಕು ಈ ಎರಡನೆಯ ಜಾತಿಯದೆಂದು ನನಗೆ ತೋರುತ್ತದೆ. ನಮ್ಮ ಸಂವಿಧಾನವನ್ನೇ ನೋಡಿ. ೨೦೦೨ರ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿ ಮಾಡಿತು. ಅದೇ ತಿದ್ದುಪಡಿ ತಂದೆತಾಯಿಗಳ ಹೆಸರನ್ನು ಎತ್ತಿರುವುದು ಹಕ್ಕುಗಳ ಭಾಗದಲ್ಲಲ್ಲ, ಕರ್ತವ್ಯಗಳ ಭಾಗದಲ್ಲಿ. ಹಕ್ಕು ಮಗುವಿಗೆ, ಹೊಣೆ ನಮಗೆ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ, ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಪರೀಕ್ಷಿಸಿ ಆರಿಸಕೂಡದೆನ್ನುತ್ತದೆ. ನವೋದಯ, ಸೈನಿಕ ಶಾಲೆ ಮೊದಲಾದವನ್ನು ಪ್ರತ್ಯೇಕ ವರ್ಗವೆಂದೂ ಹೆಸರಿಸುತ್ತದೆ. ಅಂದರೆ ಜಾಣತನ ಬಂದ ಕೂಡಲೆ ಸಾಮಾನ್ಯ ನಿಯಮ ಪಕ್ಕಕ್ಕೆ ಸರಿಯುತ್ತದೆ.

ಹಾಗಾದರೆ ತಂಗಿಯದು ಸರಿಯೆ, ನನ್ನದು ಸರಿಯೆ? ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆ ಬಂದಾಗ ಅಲ್ಲಿಯ ಕ್ರಮವನ್ನು ಹೇಳಿದಳು. ಆ ದೇಶದಲ್ಲಿ ಅಂಗವೈಕಲ್ಯವಿರುವ ಮಕ್ಕಳ ತಂದೆತಾಯಿಗಳಿಗೆ ೧೯೭೫ರಿಂದ ರಾಷ್ಟ್ರದ ಕಾಯಿದೆಯೇ ಹಕ್ಕು ಕೊಟ್ಟಿದೆ; ಅತಿಬುದ್ಧಿಯ ಮಕ್ಕಳ ವಿಚಾರದಲ್ಲಿ ಹಾಗೆ ಕಡ್ಡಾಯಗೊಳಿಸುವ ಕಾಯಿದೆ ಇಲ್ಲ, ಆಯಾ ರಾಜ್ಯದ ಮನಸ್ಸು. ಪೆನ್ಸಿಲ್ವೇನಿಯದಲ್ಲಿ ಮಗುವನ್ನು ಪರೀಕ್ಷಿಸುವುದಕ್ಕೇ ತಂದೆತಾಯಿಗಳ ಲಿಖಿತ ಒಪ್ಪಿಗೆ ಬೇಕು. ಆಮೇಲೆ ಆ ಮಗುವೊಂದಕ್ಕೇ ಎಂದು ಒಂದು ಪಾಠಕ್ರಮ ಬರೆಯುತ್ತಾರೆ. ಅದನ್ನು ಬರೆಯುವಾಗ ತಂದೆತಾಯಿಗಳೂ ಕುಳಿತಿರುತ್ತಾರೆ, ವರ್ಷಕ್ಕೊಮ್ಮೆ ಮತ್ತೆ ಕುಳಿತು ನೋಡುತ್ತಾರೆ, ಒಪ್ಪಿಗೆಯಾಗದಿದ್ದರೆ ವಿಚಾರಣೆ ಕೇಳಬಹುದು. ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಅವಳೇ ಮುಂದುವರಿಸಿ, "ಅಲ್ಲಿ ಹಕ್ಕು ಬಲ್ಲವರು ಕೇಳ್ತಾರೆ ಸಾರ್, ಎರಡು ಕೆಲಸ ಮಾಡೋ ತಾಯಿ ಸಭೆಗೇ ಬರೋದಿಲ್ಲ" ಎಂದಳು. ಕಾಗದದ ಮೇಲಿನ ಹಕ್ಕು ಬಳಕೆಗೆ ಬರಬೇಕಾದರೆ ಮಧ್ಯಾಹ್ನದ ಬಿಡುವೊಂದು ಬೇಕು. ಅರಸೀಕೆರೆಯ ಕಡೆ ಕಾಯಿ ಕೀಳಿಸುವ ದಿನಗಳಲ್ಲಿ ಅದು ಯಾರಿಗೂ ಇಲ್ಲ.

ಕತೆಗೆ ಬರುತ್ತೇನೆ. ಪೋಷಕರು ಮಕ್ಕಳನ್ನು ನೋಡಲು ಗೊತ್ತಾದ ಒಂದು ಭಾನುವಾರ ತಂಗಿಯೂ ನಾನೂ ಶಾಲೆಗೆ ಹೋದೆವು. ಅವಳ ಬುತ್ತಿಯಲ್ಲಿ ಅಕ್ಕಿರೊಟ್ಟಿ, ಕಾಯಿಹೋಳಿಗೆ. ನನ್ನ ಜೇಬಿನಲ್ಲಿ ಮುಖ್ಯೋಪಾಧ್ಯಾಯರಿಗೆ ಬರೆದ ಕಾಗದ. ಅಂತೂ ನಾನು ತಂಗಿಯ ಪಕ್ಷ ಸೇರಿದ್ದೆ. ಅವಳು ಹೇಳಿದ್ದು ನ್ಯಾಯವೆಂದಲ್ಲ, ಅವಳು ಅಳುತ್ತಿದ್ದಳೆಂದು. ಅಲ್ಲಿಯ ಉಪಾಧ್ಯಾಯರು ಸಂಭಾವಿತರು. ನಮ್ಮನ್ನು ಕೂರಿಸಿ, ಕಾಗದವನ್ನು ಕೈಗೆ ತೆಗೆದುಕೊಳ್ಳದೆ, "ನಿಮಗೆ ಅವನು ಹೇಳಲಿಲ್ಲವೆ? ಹೋಗಲು ಇಷ್ಟವಿರುವವರು ಯಾರು ಎಂದಾಗ ಮೊದಲು ಕೈ ಎತ್ತಿದವನು ಅವನೇ" ಎಂದರು.

ಆಟದ ಬಯಲಿನ ಪಕ್ಕದ ಹೊಂಗೆಯ ಮರದಡಿ ಅವನು ರೊಟ್ಟಿ ತಿನ್ನುತ್ತಿದ್ದಾಗ ತಂಗಿ ಕೇಳಲಿಲ್ಲ, ನಾನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ತಾಯಿಯ ಕಡೆ ನೋಡದೆ, ನನಗೆ ಹೇಳಿದ: "ಊರಿಗೆ ಬಂದರೆ ಎಲ್ಲರೂ ಲೆಕ್ಕ ಕೇಳ್ತಾರೆ ಮಾವ. ಅಂಗಡಿಯೋರು ಕೇಳ್ತಾರೆ, ಬಸ್ಸಿನೋರು ಕೇಳ್ತಾರೆ. ನೀವೂ ಕೇಳ್ತೀರಿ. ಅಲ್ಲಿಗೆ ಹೋದರೆ ನನಗೆ ಅವರ ಮಾತೇ ಬರೋದಿಲ್ಲ. ದಡ್ಡನ ಹಾಗೆ ಒಂದು ವರ್ಷ ಇರಬಹುದು."

ಹಕ್ಕಿನ ವಿಚಾರವಾಗಿ ನಾನು ಓದಿದ ಯಾವುದರಲ್ಲಿಯೂ ಈ ಹಕ್ಕಿನ ಹೆಸರಿಲ್ಲ. ಸರ್ಕಾರ ಅವನನ್ನು ದೇಶಕ್ಕೆಂದು ಕೇಳುತ್ತಿತ್ತು. ತಾಯಿ ಮನೆಗೆಂದು ಕೇಳುತ್ತಿದ್ದಳು. ಸೋದರಮಾವ ತನ್ನ ಹೆಮ್ಮೆಗೆಂದು ಕೇಳುತ್ತಿದ್ದ. ಹೌದು, ಅದನ್ನೂ ಬರೆದುಬಿಡುತ್ತೇನೆ. ಮೂವರಿಂದಲೂ ಒಂದು ವರ್ಷ ತಪ್ಪಿಸಿಕೊಳ್ಳಲು ಹದಿಮೂರು ವರ್ಷದ ಹುಡುಗ ಎರಡು ಸಾವಿರ ಕಿಲೋಮೀಟರಿನ ದಾರಿಯನ್ನು ಆರಿಸಿಕೊಂಡಿದ್ದ. ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ನೋಡಬೇಕೆಂದು ನಮ್ಮ ಹಿರಿಯರ ಸುಭಾಷಿತವಿದೆ. ಇವನಿಗೆ ಇನ್ನೂ ಮೂರು ವರ್ಷ ಕಡಿಮೆಯಾಗಿತ್ತು. ಹಾಗೆಂದು ಅವನ ಮಾತಿಗೆ ಬೆಲೆ ಇಲ್ಲವೆ? ಎಂಟು ವರ್ಷದ ಮಗು ಶಾಲೆ ಬೇಡವೆಂದರೆ ಕೈಹಿಡಿದು ಎಳೆದುಕೊಂಡು ಹೋಗುತ್ತೇವೆ, ಸರಿಯಾಗಿಯೇ ಮಾಡುತ್ತೇವೆ. ಹದಿನೆಂಟು ತುಂಬಿದವನನ್ನು ಹಾಗೆ ಮಾಡಿದರೆ ಕಾನೂನೇ ನಗುತ್ತದೆ. ನಡುವಣ ಈ ಹತ್ತು ವರ್ಷದಲ್ಲಿ ತಂದೆತಾಯಿಗಳ ಹಕ್ಕು ಒಂದೇ ದಿನ ಮುಗಿಯುವುದಿಲ್ಲ. ಬೇಸಗೆಯ ಕೆರೆಯ ಹಾಗೆ ದಿನಕ್ಕೊಂದಿಷ್ಟು ಹಿಂದೆ ಸರಿಯುತ್ತದೆ. ನೀರು ಎಲ್ಲಿಯವರೆಗೆ ಇಳಿದಿದೆಯೆಂದು ದಡದಲ್ಲಿ ನಿಂತವರು ದಿನವೂ ನೋಡಬೇಕು. ನಾವು ೨೦೧೪ರಲ್ಲಿ ಒಂದು ಸಲ ನೋಡಿ ರುಜು ಹಾಕಿದ್ದೆವು.

ಬಸ್ಸಿನಲ್ಲಿ ಹಿಂತಿರುಗುವಾಗ ತಂಗಿ ಒಂದೇ ಮಾತಾಡಿದಳು: "ನನ್ನನ್ನೊಂದು ಮಾತು ಕೇಳಿದ್ದರೆ ನಾನೇ ಕಳಿಸುತ್ತಿದ್ದೆನೋ ಏನೋ." ಕೇಳದಿದ್ದವರು ಶಾಲೆಯವರೋ, ಮಗನೋ, ನಾನೋ, ಹೇಳಲಿಲ್ಲ. ಹುಡುಗ ಹೋದ.

ಇಲ್ಲಿಗೆ ಮುಗಿಸಿದ್ದರೆ ನಾನು ಜಾಣನೆನಿಸಿಕೊಳ್ಳುತ್ತಿದ್ದೆ. ಮುಂದಿನದನ್ನೂ ಹೇಳಬೇಕು. ೨೦೧೮ರ ಫೆಬ್ರವರಿಯಲ್ಲಿ ಅವನ ಅಜ್ಜಿ, ತಂಗಿಯ ಅತ್ತೆ, ತೀರಿಕೊಂಡರು. ಚಿಕ್ಕಂದಿನಲ್ಲಿ ಅವನನ್ನು ಸಾಕಿದವರು ಅವರು; ಅವನು ಹೋದಮೇಲೆ ದಿನಾ ಸಾಯಂಕಾಲ ಬಸ್ಸು ನಿಲ್ಲುವ ಹೊತ್ತಿಗೆ ಜಗಲಿಗೆ ಬಂದು ಕೂಡುತ್ತಿದ್ದರಂತೆ. ಹುಡುಗನಿಗೆ ತಿಳಿಸಬೇಕೆ ಎಂದು ತಂಗಿಯ ಗಂಡ ನನ್ನನ್ನು ಕೇಳಿದರು. ವಾರ್ಷಿಕ ಪರೀಕ್ಷೆಗೆ ಒಂದು ತಿಂಗಳೂ ಉಳಿದಿರಲಿಲ್ಲ. ಬರಲು ಎರಡು ದಿನ, ಹೋಗಲು ಎರಡು ದಿನ; ಮನಸ್ಸು ಕದಡುತ್ತದೆ; ಬಂದು ಮಾಡುವುದಾದರೂ ಏನು? "ಪರೀಕ್ಷೆ ಮುಗಿಯಲಿ" ಎಂದೆ. ತಂದೆತಾಯಿ ಒಪ್ಪಿದರು. ಅವರ ಹಕ್ಕನ್ನು ಅವರು ನನ್ನ ಮಾತಿನಂತೆ ಚಲಾಯಿಸಿದರು. ಪ್ರತಿ ವಾರ ಅವನು ದೂರವಾಣಿಯಲ್ಲಿ ಅಜ್ಜಿಯನ್ನು ಕೇಳುತ್ತಿದ್ದ. ಮಲಗಿದ್ದಾರೆ, ತೋಟಕ್ಕೆ ಹೋಗಿದ್ದಾರೆ ಎಂದು ತಂಗಿ ಹೇಳುತ್ತಿದ್ದಳು. ಕಳಿಸುವುದಿಲ್ಲವೆಂದು ಅಷ್ಟು ಗಟ್ಟಿಯಾಗಿ ನಿಂತವಳು ಈ ಸುಳ್ಳನ್ನು ಐದಾರು ವಾರ ಹೇಗೆ ಹೇಳಿದಳೆಂಬುದನ್ನು ನಾನು ಇಂದಿಗೂ ಕೇಳಿಲ್ಲ.

ಅವನು ಊರಿಗೆ ಬಂದ ದಿನ ನಾನೂ ಅಲ್ಲಿದ್ದೆ. ಒಂದು ಗೇಣು ಬೆಳೆದಿದ್ದ. ನಡುಮನೆಯಲ್ಲಿ ಅಜ್ಜಿಯ ಭಾವಚಿತ್ರಕ್ಕೆ ಹಾಕಿದ್ದ ಹಾರ ಒಣಗಿತ್ತು. ಅವನು ನೋಡಿದ. ಯಾವಾಗ ಎಂದು ತಂದೆಯನ್ನು ಕೇಳಿದ. ಅವರು ತಿಥಿ ಹೇಳಿದರು. ಅವನು ಚೀಲವನ್ನು ಹೆಗಲಿನಿಂದ ಇಳಿಸದೆ ಅಜ್ಜಿಯ ಮಂಚದ ಮೇಲೆ ಹೋಗಿ ಕುಳಿತ. ನಾನು ಹತ್ತಿರ ಹೋಗಿ ಪರೀಕ್ಷೆಯ ವಿಚಾರ ತೆಗೆದೆ. ನನಗೆ ಬೇರೆ ಮಾತು ಬರುವುದಿಲ್ಲ. ಅವನು ಉತ್ತರ ಕೊಡಲಿಲ್ಲ. ಆಮೇಲೆ ಎರಡು ವರ್ಷ ನನ್ನೊಡನೆ ಮರ್ಯಾದೆಗೆ ಎಷ್ಟು ಬೇಕೋ ಅಷ್ಟೇ ಮಾತಾಡಿದ.

ಛಾಂದೋಗ್ಯದಲ್ಲಿ ಶ್ವೇತಕೇತುವಿನ ಕತೆ ಬರುತ್ತದೆ. ಹನ್ನೆರಡನೆಯ ವರ್ಷದಲ್ಲಿ ತಂದೆ ಉದ್ದಾಲಕ ಅವನನ್ನು ಓದಲು ಕಳುಹಿಸಿದ. ಇಪ್ಪತ್ತನಾಲ್ಕರಲ್ಲಿ ವೇದಗಳನ್ನೆಲ್ಲ ಓದಿ, ಬೀಗಿಕೊಂಡು ಮನೆಗೆ ಬಂದ. ಆಗ ತಂದೆ ಒಂದು ಪ್ರಶ್ನೆ ಕೇಳುತ್ತಾನೆ, ಮಗ ತಬ್ಬಿಬ್ಬಾಗುತ್ತಾನೆ, ಅಲ್ಲಿಂದ ಉಪದೇಶ. ಓದಿ ಬಂದ ಮಗನನ್ನು ಪ್ರಶ್ನಿಸುವ ಹಕ್ಕು ತಂದೆಗೆ ಉಳಿದಿತ್ತೆಂದು ನಾನು ಈ ಕತೆಯನ್ನು ತರಗತಿಯಲ್ಲಿ ಹೇಳುತ್ತಿದ್ದೆ. ನಮ್ಮ ಮನೆಯಲ್ಲಿ ಪ್ರಶ್ನೆ ಕೇಳಿದವನು ಮಗ, "ಯಾವಾಗ" ಎಂಬ ಒಂದೇ ಪದ; ತಬ್ಬಿಬ್ಬಾದವರು ನಾವು.

ಅವನೀಗ ಧಾರವಾಡದಲ್ಲಿ ಕೃಷಿ ಓದುತ್ತಿದ್ದಾನೆ. ಎಂಜಿನಿಯರಿಂಗಿಗೆ ಸೇರಲಿಲ್ಲವೇಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವನ ತಂಗಿಯೂ ಅದೇ ಪರೀಕ್ಷೆ ಬರೆದಿದ್ದಳು. ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಊರಿನ ಶಾಲೆಯಲ್ಲೇ ಓದಿದಳು. ಅವಳ ಬಗ್ಗೆ ಹಕ್ಕಿನ ಮಾತನ್ನು ಸರ್ಕಾರವೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳಿಗೆ ನಾನು ಎಂದಾದರೂ ಒಂದು ಲೆಕ್ಕ ಹಾಕಿದ್ದೆನೆ ಎಂದು ನೆನಪು ಮಾಡಿಕೊಳ್ಳುತ್ತೇನೆ, ನೆನಪಾಗುವುದಿಲ್ಲ.

ಕಳೆದ ಸಲ ಊರಿಗೆ ಹೋಗಿದ್ದಾಗ ಪಕ್ಕದ ಮನೆಯವರು ತಮ್ಮ ಮಗಳನ್ನು ಕರೆದುಕೊಂಡು ಬಂದರು. ಐದನೆಯ ತರಗತಿ. ಈಗ ನವೋದಯದ ಅರ್ಜಿ ಅಂತರ್ಜಾಲದಲ್ಲಿ. ಮಗುವಿನ ಭಾವಚಿತ್ರ, ತಂದೆ ಅಥವಾ ತಾಯಿಯ ರುಜು, ಮಗುವಿನ ರುಜು, ಮೂರನ್ನೂ ಫೋನಿನಲ್ಲಿ ಹಿಡಿದು ಕಳುಹಿಸಬೇಕು. ಮಗುವಿನ ರುಜುವೂ ಬೇಕೆಂಬುದು ಆಗ ನನ್ನ ಗಮನಕ್ಕೆ ಬಂತು. ಮೊದಲ ಸಲ ಅದನ್ನು ನೋಡಿಯೇ ಇರಲಿಲ್ಲವೆಂದು ತೋರುತ್ತದೆ. ಹುಡುಗಿ ರುಜು ಎಂದರೆ ಏನೆಂದು ಕೇಳಿದಳು. ನಿನ್ನ ಹೆಸರನ್ನು ನಿನ್ನ ಹಾಗೆ ಬರೆಯುವುದು, ಎಂದೆ. ಅವಳು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಕನ್ನಡದಲ್ಲಿ ನಾಲ್ಕು ಸಲ ಬರೆದಳು. ನಾಲ್ಕೂ ಒಂದೇ ಥರ ಇರಲಿಲ್ಲ. ಯಾವುದು ಕಳಿಸೋಣ ಎಂದು ಅವಳ ತಂದೆ ನನ್ನನ್ನು ಕೇಳಿದರು. ಕಾಗದವನ್ನು ಅವಳ ಕಡೆಗೆ ತಿರುಗಿಸಿದೆ. ಅವಳು ಬಹಳ ಹೊತ್ತು ನೋಡಿ, ಮೂರನೆಯದರ ಮೇಲೆ ಬೆರಳಿಟ್ಟಳು. ಆಮೇಲೆ ಬೆರಳು ತೆಗೆದು, "ಇನ್ನೊಂದು ಸಲ ಬರೀತೀನಿ ತಾತ" ಎಂದಳು.